ಪಕ್ಕದ ಬಾಣೆಯ ಒಡೆಯರು ಯಾರೆಂದು ತಿಳಿಯುವುದು ಹೇಗೆ?

ಪ್ರಶ್ನೆ (ಕೊಡಗಿನ ಪೊನ್ನಂಪೇಟೆ ಕಡೆಯ ಬೆಳೆಗಾರ):
ನಮ್ಮ ಗದ್ದೆಗೆ ತಾಗಿಕೊಂಡು ಹಾಳುಬಿದ್ದ ಬಾಣೆಯೊಂದಿದ್ದು (ಗದ್ದೆಗೆ ಹೊಂದಿಕೊಂಡ, ಮರಗಿಡಗಳ ಎತ್ತರದ ಜಾಗ), ಹಗಲೆಲ್ಲ ಅಲ್ಲಿನ ಲಂಟಾನ ಪೊದೆಗಳಲ್ಲಿ ಮಲಗಿರುವ ಕಾಡುಹಂದಿಗಳು ರಾತ್ರಿ ಇಳಿದು ಬಂದು ತೆನೆ ಕಟ್ಟಿದ ಭತ್ತವನ್ನು ಉರುಳಿಸಿ ಹೋಗುತ್ತಿವೆ. ನನ್ನಲ್ಲಿ ಲೈಸನ್ಸ್ ಬೇಡವೆಂಬ ವಿನಾಯಿತಿ ಪತ್ರವಿರುವ ಕೋವಿಯಿದೆ. ಒಡೆಯರ ಒಪ್ಪಿಗೆ ಪಡೆದೇ ಒಳಗೆ ಹೋಗಬೇಕೆಂದಿದ್ದೇನೆ; ಆದರೆ ಅಲ್ಲಿ ಬೇಲಿಯೂ ಇಲ್ಲ, ಫಲಕವೂ ಇಲ್ಲ. ಅವರನ್ನು ಪತ್ತೆ ಹಚ್ಚುವುದು ಹೇಗೆ?

ಉತ್ತರ 1 (ನಿವೃತ್ತ ಭೂಮಾಪಕ):
ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆದು, ನಕ್ಷೆಯಲ್ಲಿ ಆ ಬಾಣೆಯ ನಡುಭಾಗಕ್ಕೆ ಬೆರಳಿಟ್ಟರೆ ಸರ್ವೆ ನಂಬರ್ ಸಿಗುತ್ತದೆ. ಗಡಿಯಂಚನ್ನು ಒತ್ತಿದರೆ ಪಕ್ಕದ ನಂಬರ್ ತೋರಿಸೀತು. ಬಳಿಕ ಭೂಮಿ ಜಾಲತಾಣದಲ್ಲಿ ಆ ನಂಬರಿನ ಪಹಣಿ ತೆಗೆದು, ಒಡೆಯರ ಹೆಸರಿರುವ 9ನೇ ಕಾಲಂ ನೋಡಿ. ಪೈಸಾರಿ ಅಥವಾ ದೇವರಕಾಡು ಎಂದಿದ್ದರೆ ಅದು ಸರ್ಕಾರದ್ದು. ಮುಂದೆ ಹುಡುಕುವ ಪ್ರಮೇಯವಿಲ್ಲ.

ಉತ್ತರ 2 (ವಿರಾಜಪೇಟೆ):
ಪಹಣಿಯಲ್ಲಿ ಹೆಸರು ಸಿಕ್ಕಿತೆಂದರೆ ಒಡೆಯರು ಸಿಕ್ಕಂತಲ್ಲ. ಅದು ಜಮ್ಮಾ, ಅಂದರೆ ವಂಶಪಾರಂಪರ್ಯ ಹಿಡುವಳಿಯ ಬಾಣೆಯಾಗಿದ್ದರೆ, ಅಲ್ಲಿರುವುದು ಒಕ್ಕದ (ಮನೆತನದ) ಪರವಾಗಿ ದಾಖಲಾದ ಪಟ್ಟೇದಾರರ ಹೆಸರು. ಅವರು ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದರೂ ಅದು ಹಾಗೆಯೇ ಉಳಿದಿರುವುದುಂಟು, ಅನುಭೋಗದಲ್ಲಿರುವ ಪಾಲುದಾರರು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವುದುಂಟು. ನಮ್ಮ ಒಕ್ಕದ ಪಹಣಿಯಲ್ಲಿ ಇಂದಿಗೂ ನನ್ನ ಮುತ್ತಜ್ಜನ ಹೆಸರಿದೆ. ಅವರ ಒಪ್ಪಿಗೆ ಬೇಕಾದವರು ಕೈಮಡದ (ಗತಿಸಿದ ಹಿರಿಯರ ಗುಡಿಯ) ಮುಂದೆ ನಿಂತು ಕೇಳಬೇಕಷ್ಟೆ! ಆದ್ದರಿಂದ ಆ ಒಕ್ಕದ ಐನ್‌ಮನೆಗೆ (ಮೂಲಮನೆಗೆ) ಹೋಗಿ, ಒಕ್ಕದ ಹಿರಿಯರಾದ ಕೊರವುಕಾರರನ್ನು ಕಂಡು, ಯಾವ ಭಾಗ ಯಾರ ಪಾಲಿನದೆಂದು ವಿಚಾರಿಸಿ. ಕಾಗದಕ್ಕಿಂತ ಅವರ ಮಾತೇ ನಿಖರವಾಗಿರುತ್ತದೆ.

ಉತ್ತರ 3 (ಮಡಿಕೇರಿಯ ವಕೀಲ):
ಒಡೆಯರು ಸಿಕ್ಕರೂ, ಅವರು ಸಂತೋಷದಿಂದ ಒಪ್ಪಿದರೂ ತಾವು ಹಂದಿಗೆ ಗುಂಡು ಹಾರಿಸುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಕಲಂ ಬೇಟೆಯನ್ನು ನಿಷೇಧಿಸಿದ್ದು, ಜಾಗ ಖಾಸಗಿಯದ್ದೆಂಬುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 2029ರವರೆಗೆ ಮುಂದುವರಿಸಿರುವ ವಿನಾಯಿತಿಯು ಲೈಸನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ಮಾತ್ರ. ಅದನ್ನು ಬೇಟೆಯ ಪರವಾನಗಿಯೆಂದು ಭಾವಿಸಿ ಕೇಸು ಹಾಕಿಸಿಕೊಂಡವರನ್ನು ನಾನು ನ್ಯಾಯಾಲಯದಲ್ಲಿ ಕಂಡಿದ್ದೇನೆ. ಬೆಳೆಹಾನಿ ಮಾಡುವ ಪ್ರಾಣಿಯ ವಿಷಯದಲ್ಲಿ 11ನೇ ಕಲಮಿನಡಿ ಲಿಖಿತ ಅನುಮತಿ ನೀಡುವ ಅಧಿಕಾರವಿರುವುದು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅಥವಾ ಅವರು ಅಧಿಕಾರ ಕೊಟ್ಟವರಿಗೆ. ಹಾಗೆ ಕೊಂದ ಪ್ರಾಣಿಯೂ ಸರ್ಕಾರದ ಸ್ವತ್ತು, ಮಾಂಸ ಮನೆಗೆ ಬರುವುದಿಲ್ಲ.

ಪ್ರಶ್ನೆ ಕೇಳಿದವರು:
ಮೂವರಿಗೂ ವಂದನೆಗಳು. ಕೋವಿಯ ವಿಚಾರ ಬಿಟ್ಟೆ. ಪಹಣಿ ತೆಗೆದಾಗ ದಿವಂಗತರೊಬ್ಬರ ಹೆಸರೇ ಸಿಕ್ಕಿತು. ನಾಳೆ ಅವರ ಐನ್‌ಮನೆಗೆ ಹೋಗಿ, ಪೊದೆ ಕಡಿಸಲು ಒಪ್ಪಿಗೆ ಕೇಳುತ್ತೇನೆ. ಬೆಳೆಹಾನಿಯ ಅರ್ಜಿಯನ್ನು ವಲಯ ಅರಣ್ಯಾಧಿಕಾರಿ ಕಚೇರಿಗೆ ಕೊಡುತ್ತೇನೆ.