ಪುಟ್ಟಿ, ಆ ಹೂವಿಗೆ ಮರುಳಾಗಬೇಡ

ಪುಟ್ಟಿ, ನಿನ್ನ ಫೋಟೋ ನೋಡಿದೆ. ಕೃಷಿ ಹೊಂಡದಲ್ಲಿ ನೇರಳೆ ಹೂವಿನ ಗಿಡ ತೇಲುತ್ತಿದೆ, 15 ದಿನದಲ್ಲಿ ಎರಡರಷ್ಟಾಗಿದೆ, ಮೀನಿಗೇನಾದರೂ ಆಗುತ್ತಾ ದೊಡ್ಡಮ್ಮ ಅಂತ ಕೇಳಿದ್ದೀಯಲ್ಲ. ಟೈಪ್ ಮಾಡಲು ಕನ್ನಡಕ ಸಿಗುತ್ತಿಲ್ಲ. ಬಾಯಲ್ಲೇ ಹೇಳುತ್ತೇನೆ, ಫೋನೇ ಬರೆದುಕೊಳ್ಳಲಿ.

ಅಂತರಗಂಗೆ ಅಂತ ನಿಮ್ಮ ಮಾವ ಬರೆದಿದ್ದಾರೆ. ನಮ್ಮ ಕಡೆ ನೀರಲ್ಲಿ ತೇಲುವುದಕ್ಕೆಲ್ಲ ಅದೇ ಹೆಸರು ಬಿಡು. ನಿಜವಾದ ಅಂತರಗಂಗೆ ಬಿಚ್ಚಿದ ಎಲೆಕೋಸಿನ ಹಾಗೆ ಕೂತಿರುತ್ತದೆ, ಅದರ ಹೂವು ಕಣ್ಣಿಗೇ ಬೀಳುವುದಿಲ್ಲ. ನಿನ್ನದರಲ್ಲಿ ಮೇಲಿನ ಎಸಳಿನ ಮೇಲೆ ನವಿಲುಗರಿಯ ಕಣ್ಣಿನಂಥ ಹಳದಿ ಚುಕ್ಕೆ ಇದೆ. ಎಲೆಯ ದಂಟು ಪೂರಿಯ ಹಾಗೆ ಉಬ್ಬಿದೆ. ಅದು ವಾಟರ್ ಹಯಸಿಂತ್, ದಕ್ಷಿಣ ಅಮೆರಿಕದ್ದು. ನನಗೆ ಚೆನ್ನಾಗಿ ಗೊತ್ತು. ಹಳೇ ಮನೆಯ ನೀರಿನ ಕಟ್ಟೆಗೆ ಅದನ್ನು ತಂದು ಬಿಟ್ಟವಳು ನಾನೇ ಅಲ್ವಾ!

ನಿಮ್ಮ ಚಿಕ್ಕಮ್ಮನ ಸೀಮಂತಕ್ಕೆ ಬೆಂಗಳೂರಿಗೆ ಹೋಗಿದ್ದಾಗ ಕೆರೆಯಲ್ಲಿ ನೋಡಿದೆ. ದೇವರಿಗೆ ಹೂವಾಯಿತು ಅಂತ ಒಂದೇ ಒಂದು ಗಿಡ ಚೀಲದಲ್ಲಿ ಹಾಕಿಕೊಂಡು ಬಸ್ಸಲ್ಲಿ ತಂದೆ. ಮಳೆಗಾಲ ಮುಗಿಯುವಷ್ಟರಲ್ಲಿ ಕಟ್ಟೆ ಎಲ್ಲಿ, ದಡ ಎಲ್ಲಿ ಗೊತ್ತಾಗುತ್ತಿರಲಿಲ್ಲ. ಗೌರಿಯ ಕರು ಹುಲ್ಲು ಅಂದುಕೊಂಡು ಕಾಲಿಟ್ಟಿತು. ಮೂತಿ ಒಂದೇ ಮೇಲೆ. ದೊಡ್ಡಪ್ಪ ಹಗ್ಗ ಹಾಕಿ ಎಳೆದರೆ ಕಾಲಿಗೆಲ್ಲ ಕಪ್ಪು ಬೇರು, ಬಾಚದ ಕೂದಲಿನ ಹಾಗೆ. ಕರು ಬದುಕಿತು. ದೊಡ್ಡಪ್ಪ ಮೂರು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಮೀನುಗಳು ಬೆಳಗಿನ ಜಾವ ಮೇಲೆ ಬಂದು ಬಾಯಿ ಬಿಡುತ್ತಿದ್ದವು, ಉಸಿರಿಗೆ. ಅದಕ್ಕೇ ಹೇಳುತ್ತಿರುವುದು, ಒಂದೇ ಗಿಡ ಅಂತ ಬಿಡಬೇಡ.

ಆಮೇಲೆ ಜೆಸಿಬಿ ಬಂತು. ಗುತ್ತಿಗೆಯವನು ಬಾಚಿದ್ದನ್ನೆಲ್ಲ ಏರಿ ಮೇಲೇ ಗುಡ್ಡೆ ಹಾಕಿ ಬಿಲ್ ಮಾಡಿಸಿಕೊಂಡು ಹೋದ. ಮೊದಲ ಮಳೆಗೇ ಅದೆಲ್ಲ ವಾಪಸ್ ನೀರಿಗೆ. ಕೊನೆಗೆ ಕೈಯಲ್ಲೇ ಎಳೆದವರು ಯಾರು? ನಾನು, ದೊಡ್ಡಪ್ಪ, ಇಬ್ಬರು ಆಳು. ಕಟ್ಟೆ ಪಕ್ಕದ ಜಮೀನಲ್ಲಿ ಭಾಗ ಕೇಳಲು ಆರು ಜನ ಬಂದಿದ್ದರು. ಕಳೆ ಎಳೆಯಲು ಒಬ್ಬರಿಗೂ ರಜೆ ಸಿಗಲಿಲ್ಲ. ಗೌರಿಹಬ್ಬದ ಒಬ್ಬಟ್ಟಿಗೆ ಮಾತ್ರ ಸಿಕ್ಕಿತು! ಈ ಗ್ರೂಪಲ್ಲೇ ಇದ್ದಾರೆ, ಕೇಳಿಸಿಕೊಳ್ಳಲಿ. ಹೆಬ್ಬೆರಳು ಒತ್ತಿ ಸುಮ್ನೆ ಇರುತ್ತಾರೆ.

ಎಲ್ಲಿದ್ದೆ? ಹಾಂ. ಒಂದೇ ಗಿಡ ಅಂತ ಬಿಡಬೇಡ ಪುಟ್ಟಿ.

ಅಯ್ಯೋ, ಏನು ಮಾಡಬೇಕು ಅಂತಲೇ ಹೇಳಲಿಲ್ಲ. ಮೊದಲು ಹೂವಿನ ದಂಟು ಕಿತ್ತು ಬಕೆಟ್‌ಗೆ ಹಾಕು, ನೀರಿಗೆ ಉದುರಿಸಬೇಡ. ಬೀಜ ಕೆಸರಲ್ಲಿ 15-20 ವರ್ಷ ಕಾದು ಕೂತಿರುತ್ತದೆ. ಆಮೇಲೆ ಬೇರು ಸಮೇತ ತೆಗೆಯಿರಿ. ಒಂದನ್ನು ಎಳೆದರೆ ಬಳ್ಳಿ ಹಿಡಿದು ಮರಿಗಳು ಬರುತ್ತವೆ, ತುಂಡಾದರೆ ಅದೇ ಮತ್ತೆ ಗಿಡ. ಹೊಂಡದಿಂದ ದೂರ ಬಿಸಿಲಲ್ಲಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿ. ಹೂ ಬಿಟ್ಟದ್ದನ್ನು ಗುಂಡಿಗೆ ಹಾಕಬೇಡಿ, ಸುಟ್ಟುಬಿಡಿ. ಔಷಧಿ ಹೊಡೆಯಬೇಡಿ, ಮೀನಿದೆ. ಕೊಟ್ಟಿಗೆ ತೊಳೆದ ನೀರು ಹೊಂಡಕ್ಕೆ ಹೋಗುತ್ತಿದ್ದರೆ ಬೇರೆ ಕಡೆ ತಿರುಗಿಸಿ, ಅದೇ ಅದಕ್ಕೆ ಊಟ. ವಾರಕ್ಕೊಮ್ಮೆ ಅಂಚು ನೋಡುತ್ತಿರಿ.

ಅದನ್ನು ತಿನ್ನುವ ಮೂತಿ ಹುಳು ಇದೆಯಂತೆ ಅಂತ ನಿನ್ನ ಗಂಡ ಕೇಳಿದ್ದಾನೆ. ಇದೆ. 1980ರ ದಶಕದಲ್ಲೇ ಬೆಂಗಳೂರಿನ ಕೆರೆಗಳಿಗೆ ಬಿಟ್ಟಿದ್ದರು. ಅದಕ್ಕೆ ವರ್ಷಗಟ್ಟಲೆ ಬೇಕು, ದೊಡ್ಡ ಕೆರೆಗೆ ಸರಿ. ನಿಮ್ಮ ಹೊಂಡಕ್ಕೆ ನಾಲ್ಕು ಕೈ ಸಾಕು.

ಇನ್ನೊಂದು, ನೀವು ಹೊಂಡಕ್ಕೆ ಪ್ಲಾಸ್ಟಿಕ್ ಶೀಟ್ ಹಾಸಿದ್ದೀರಿ, ಜಾರುತ್ತದೆ, ಒಬ್ಬಳೇ ಇಳಿಯಬೇಡ. ಕೊಕ್ಕೆ ಹಾಕಿದರೆ ಶೀಟ್ ಹರಿಯುತ್ತದೆ. ಎರಡೂ ದಡದಿಂದ ಬಲೆ ಹಿಡಿದು ಎಳೆಯಿರಿ. ಬಲೆ ನಮ್ಮ ಅಟ್ಟದಲ್ಲಿದೆ, ಭಾನುವಾರ ಬಂದು ತೆಗೆದುಕೊಂಡು ಹೋಗು.