ಅನಾಹೈಮ್ ವರ್ಲ್ಡ್‌ಕಾನ್ 2026: ಕನ್ನಡದ ಲೇಖಕರು ಹೋಗುವುದಾದರೆ ತಯಾರಿ ಹೇಗೆ?

ಕಥೆಗಾರ_ಹಾಸನ

2026ರ ಆಗಸ್ಟ್ 27ರಿಂದ 31ರವರೆಗೆ ಅಮೆರಿಕದ ಅನಾಹೈಮ್‌ನಲ್ಲಿ ವರ್ಲ್ಡ್‌ಕಾನ್, ಅಂದರೆ ವಿಶ್ವ ವಿಜ್ಞಾನ ಕಥೆ ಸಮಾವೇಶ ಇದೆ. ಕನ್ನಡದಲ್ಲಿ ವಿಜ್ಞಾನ ಕಥೆ ಬರೆಯುತ್ತೇನೆ. ಒಂದು ಕಥೆಯ ಇಂಗ್ಲಿಷ್ ಅನುವಾದ ಇದೇ 2025ರಲ್ಲಿ ಆನ್‌ಲೈನ್ ಪತ್ರಿಕೆಯೊಂದರಲ್ಲಿ ಬಂತು. ನಮ್ಮ ಸಾಹಿತ್ಯ ಸಮ್ಮೇಳನದ ಹಾಗೆ ಅವರೇ ಕರೀಬೇಕಾ, ನಾವೇ ಹೆಸರು ಕೊಡಬೇಕಾ? ಗೋಷ್ಠಿಯಲ್ಲಿ ಮಾತಾಡಲು ಅವಕಾಶ ಸಿಗೋದು ಹೇಗೆ? ವೀಸಾಕ್ಕೆ ಯಾವಾಗ ಹಾಕಲಿ? ಅಕ್ಕನ ಮನೆ ಅರ್ವೈನ್‌ನಲ್ಲಿದೆ, ಅಲ್ಲಿಂದಲೇ ಓಡಾಡಬಹುದಾ?

ನೀಲಿಗ್ರಹ

ಕರೆಯೋಲೆಗೆ ಕಾಯಬೇಡಿ. 1939ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾದಾಗಿನಿಂದ ಇದು ಓದುಗರೇ ಕೂಡಿ ನಡೆಸಿಕೊಂಡು ಬಂದ ಕೂಟ. ಪ್ರತಿ ವರ್ಷ ಬೇರೊಂದು ಊರಿನ ತಂಡ ಹೊಣೆ ಹೊರುತ್ತದೆ, ದುಡಿಯುವವರೆಲ್ಲ ಸ್ವಯಂಸೇವಕರು. ಬೆರಳೆಣಿಕೆಯ ಗೌರವ ಅತಿಥಿಗಳನ್ನು ಬಿಟ್ಟರೆ ಲೇಖಕರೂ ಸದಸ್ಯತ್ವದ ದುಡ್ಡು ಕಟ್ಟಿಯೇ ಬರಬೇಕು. ಪ್ರಯಾಣ ಭತ್ಯೆ, ವಸತಿ, ಸಂಭಾವನೆ ಯಾವುದನ್ನೂ ಲೆಕ್ಕಕ್ಕೆ ಹಿಡಿಯಬೇಡಿ.

ಸದಸ್ಯತ್ವ ಎರಡು ಹಂತದ್ದು. ಮೊದಲನೆಯದು ಡಬ್ಲ್ಯೂಎಸ್‌ಎಫ್‌ಎಸ್ (ವರ್ಲ್ಡ್ ಸೈನ್ಸ್ ಫಿಕ್ಷನ್ ಸೊಸೈಟಿ) ಸದಸ್ಯತ್ವ, ಇದರಿಂದ ವಿಜ್ಞಾನ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿಗೆ ಮತ ಹಾಕುವ ಹಕ್ಕು ಬರುತ್ತದೆ. ಅದರ ಮೇಲೆ ಇನ್ನಷ್ಟು ಕಟ್ಟಿದರೆ ಖುದ್ದಾಗಿ ಹೋಗಬಹುದು. ಈಗ ಮೊದಲನೆಯದನ್ನು ಮಾತ್ರ ತಗೊಳ್ಳಿ. ಎರಡನೆಯದರ ದರ ದಿನ ಹತ್ತಿರ ಬಂದಂತೆ ಏರುತ್ತದೆ ನಿಜ, ಆದರೆ ವೀಸಾ ಕೈಗೆ ಬರದೆ ಅಷ್ಟು ಡಾಲರ್ ಸುರಿಯುವುದು ಬೇಡ.

ವೀಸಾ ಕೆಲಸವನ್ನು ಇವತ್ತೇ ಶುರು ಮಾಡಿ. ಬಿ1/ಬಿ2, ಅಂದರೆ ಸಂದರ್ಶಕ ವೀಸಾ ಸಾಕು. ಡಿಎಸ್-160 ಅರ್ಜಿ ತುಂಬಿ, ಶುಲ್ಕ ಕಟ್ಟಿ, ಸಂದರ್ಶನದ ದಿನ ಹಿಡಿಯಬೇಕು. ಆ ದಿನ ಸಿಗಲು ತಿಂಗಳುಗಟ್ಟಲೆ ಆಗಬಹುದು. ಹೆಚ್ಚಿನವರು ಎಡವುವುದು ಇಲ್ಲೇ. ಕಥೆ, ವಿಮಾನದ ಟಿಕೆಟ್, ರಜೆ ಎಲ್ಲ ಸಿದ್ಧವಾಗಿರುತ್ತದೆ, ಸಂದರ್ಶನ ಮಾತ್ರ ಸೆಪ್ಟೆಂಬರ್‌ಗೆ ಬೀಳುತ್ತದೆ. ಸಂದರ್ಶನದ ಕಿಟಕಿಯ ಮುಂದೆ ಉದ್ದ ವಿವರಣೆ ಬೇಡ: ಐದು ದಿನದ ಸಮಾವೇಶ, ಸ್ವಂತ ಖರ್ಚು, ಇಂಥ ದಿನ ವಾಪಸ್, ಇಲ್ಲಿ ಇಂಥ ಕೆಲಸ. ಅಕ್ಕ ಅಲ್ಲಿದ್ದಾರೆ ಅನ್ನುವುದನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ.

ಇನ್ನು ಗೋಷ್ಠಿ. ಸಮಾವೇಶದ ಜಾಲತಾಣದಲ್ಲಿ ಕಾರ್ಯಕ್ರಮದಲ್ಲಿ ಭಾಗವಹಿಸುವ ಆಸಕ್ತಿಯ ಫಾರ್ಮ್ ಇರುತ್ತದೆ. ಅದರಲ್ಲಿ "ಯಾವ ವಿಷಯವಾದರೂ ಸರಿ" ಎಂದು ಬರೆದರೆ ನಿಮ್ಮನ್ನು ಎಲ್ಲಿ ಕೂರಿಸಬೇಕೆಂದು ಅವರಿಗೆ ತಿಳಿಯುವುದಿಲ್ಲ. ನೀವೇ ಬೇಕು ಅನ್ನಿಸುವಂಥ ಮೂರ್ನಾಲ್ಕು ವಿಷಯ ಕೊಡಿ. "ಭಾರತದ ವಿಜ್ಞಾನ ಕಥೆ" ಅಂದರೆ ತೀರಾ ಅಗಲವಾಯಿತು. "ಬ್ಯಾಲಾಳಿನಲ್ಲಿ ಇಸ್ರೋದ 32 ಮೀಟರ್ ಆಂಟೆನಾ ಇದೆ, ಸುತ್ತ ರಾಗಿ ಹೊಲ ಇದೆ, ಇಂಥ ಕಡೆಯಿಂದ ಬಾಹ್ಯಾಕಾಶದ ಕಥೆ ಹೇಗೆ ಹುಟ್ಟುತ್ತದೆ" ಎಂದು ಬರೆದರೆ ಓದಿದವರು ನೆನಪಿಟ್ಟುಕೊಳ್ಳುತ್ತಾರೆ.

ಅನುವಾದಕಿ_ಮೈಸೂರು

ಗೋಷ್ಠಿ ಸಿಕ್ಕಿತು ಅಂದುಕೊಳ್ಳೋಣ. ಸಾಮಾನ್ಯವಾಗಿ ನಾಲ್ಕೈದು ಜನ, ಅವರಲ್ಲೊಬ್ಬರು ನಿರ್ವಾಹಕರು, ಒಟ್ಟು ಒಂದು ಗಂಟೆಯೊಳಗೆ ಮುಗಿಯಬೇಕು. ಪರಿಚಯ, ಪ್ರಶ್ನೋತ್ತರ ಕಳೆದರೆ ನಿಮ್ಮ ಪಾಲಿಗೆ ಎಂಟು ನಿಮಿಷ ಉಳಿದರೆ ಹೆಚ್ಚು. ಹಾಗಾಗಿ ಬರೆದ ಭಾಷಣ ಒಯ್ಯಲೇಬೇಡಿ. ಅಲ್ಲಿ ನಡೆಯುವುದು ಮಾತುಕತೆ, ಪ್ರಬಂಧ ಮಂಡನೆಯಲ್ಲ. ಮೂರು ಅಂಶ, ಪ್ರತಿಯೊಂದಕ್ಕೂ ಒಂದು ಉದಾಹರಣೆ ಚೀಟಿಯಲ್ಲಿದ್ದರೆ ಸಾಕು. ಪರಿಚಯ ಅರ್ಧ ನಿಮಿಷ ದಾಟದಿರಲಿ. ಮುಂದೆ ಪುಸ್ತಕಗಳನ್ನು ಗೋಪುರದ ಹಾಗೆ ಪೇರಿಸಿ ಕೂರಬೇಡಿ, ಹಿಂದೆ ಕೂತವರಿಗೆ ಮುಖ ಕಾಣಿಸುವುದಿಲ್ಲ. ದನಿ ಎಷ್ಟೇ ದೊಡ್ಡದಿದ್ದರೂ ಮೈಕ್ ಬಿಡಬೇಡಿ. ಕಿವಿ ಮಂದ ಇರುವವರು ಸಭೆಯಲ್ಲಿರುತ್ತಾರೆ, ಅವರು ಕೈಯೆತ್ತಿ ಹೇಳುವ ತನಕ ಕಾಯುವುದು ಸರಿಯಲ್ಲ.

ಗೋಷ್ಠಿಗಿಂತ ಕಥಾವಾಚನ ಕೇಳಿ ಪಡೆಯಿರಿ ಎಂಬುದು ನನ್ನ ಸಲಹೆ. ಅನುವಾದದ ಲೇಖಕರಿಗೆ ಅದರಿಂದಲೇ ಹೆಚ್ಚು ಪ್ರಯೋಜನ. 25 ನಿಮಿಷ ಕೊಟ್ಟರೆ 20 ನಿಮಿಷದ್ದು ಸಿದ್ಧಮಾಡಿ. ಅದರಲ್ಲಿ ಎರಡು ನಿಮಿಷ ಕನ್ನಡಕ್ಕೆ ಬಿಟ್ಟು, ನಿಮಿಷಕ್ಕೆ 130 ಪದ ಹಿಡಿದರೆ 2,340 ಇಂಗ್ಲಿಷ್ ಪದ. ಮೊದಲ ಎರಡು ನಿಮಿಷ ಕನ್ನಡದಲ್ಲೇ ಓದಿ, ಅದೇ ಭಾಗವನ್ನು ಇಂಗ್ಲಿಷ್‌ನಲ್ಲಿ ಮತ್ತೆ ಓದಿ. ಅರ್ಥ ಗೊತ್ತಿಲ್ಲದೆ ಮೊದಲು ಭಾಷೆಯ ನಡೆ ಕೇಳಿದವರು ಆಮೇಲೆ ಅನುವಾದವನ್ನು ಬೇರೆಯೇ ಕಿವಿಯಿಂದ ಕೇಳುತ್ತಾರೆ. ಕಾಗದದಲ್ಲಿ 16 ಪಾಯಿಂಟ್ ಅಕ್ಷರ, ಪುಟದ ಒಂದೇ ಮಗ್ಗುಲಲ್ಲಿ ಮುದ್ರಣ. ಫೋನ್ ನೋಡಿ ಓದಿದರೆ ಸ್ಕ್ರೀನ್ ಆರಿಹೋಗಿ ಲಯ ತಪ್ಪುತ್ತದೆ. ಅನುವಾದಕರ ಹೆಸರನ್ನು ಓದುವ ಮೊದಲೇ ಹೇಳಿ, ದಯವಿಟ್ಟು.

ಸಂಪಾದಕರು ಸಿಕ್ಕಿದರೆ ಹಸ್ತಪ್ರತಿ ಕೈಗಿಡಬೇಡಿ. ಅನುವಾದಗಳನ್ನು ಯಾವಾಗ ತೆಗೆದುಕೊಳ್ಳುತ್ತೀರಿ, ಪದಮಿತಿ ಎಷ್ಟು ಎಂದು ಕೇಳಿ ತಿಳಿದುಕೊಂಡು, ಊರಿಗೆ ಬಂದ ಮೇಲೆ ಅವರ ಜಾಲತಾಣದ ಮೂಲಕವೇ ಕಳಿಸಿ.

ಪುಟ್ಟಚಂದ್ರ

ಎರಡು ವಿಷಯ ಬಿಟ್ಟುಹೋಗಿದೆ.

ನಿಮ್ಮ ಅನುವಾದ 2025ರದ್ದು. ಇಂಗ್ಲಿಷೇತರ ಕೃತಿಗೆ ಮೊದಲ ಇಂಗ್ಲಿಷ್ ಅನುವಾದ ಬಂದ ವರ್ಷದಲ್ಲೂ ಹ್ಯೂಗೋ ಅರ್ಹತೆ ಸಿಗುತ್ತದೆ. ಅಂದರೆ ಕನ್ನಡದಲ್ಲಿ ಯಾವಾಗ ಅಚ್ಚಾಗಿದ್ದರೂ 2026ರ ಹ್ಯೂಗೋಕ್ಕೆ ಅದು ಅರ್ಹ. 7,500 ಪದದ ಒಳಗಿದ್ದರೆ ಸಣ್ಣಕಥೆ, ಅಲ್ಲಿಂದ 17,500ರವರೆಗೆ ನಾವೆಲೆಟ್. ಜನವರಿ 31ರೊಳಗೆ ಸದಸ್ಯರಾದವರು ನಾಮನಿರ್ದೇಶನ ಮಾಡಬಹುದು. ಅದಕ್ಕೂ ಮೊದಲು ನಿಮ್ಮ ಪುಟದಲ್ಲಿ ಕಥೆಯ ಹೆಸರು, ಪತ್ರಿಕೆ, ಪದಸಂಖ್ಯೆ, ಅನುವಾದಕರ ಹೆಸರು, ಕೊಂಡಿ ಇಷ್ಟನ್ನು ಹಾಕಿ. "ನನಗೇ ಮತ ಹಾಕಿ" ಎಂದು ಕೇಳುವುದನ್ನು ಆ ಬಳಗ ಮೆಚ್ಚುವುದಿಲ್ಲ.

ಅಕ್ಕನ ಮನೆಯಲ್ಲಿ ಮೊದಲೊಂದು ವಾರ ಇರಿ, ಜೆಟ್ ಲ್ಯಾಗ್ ಕಳೆಯಲಿ. ಸಮಾವೇಶದ ದಿನಗಳಲ್ಲಿ ಮಾತ್ರ ನಡೆದುಹೋಗುವಷ್ಟು ಹತ್ತಿರದ ಹೋಟೆಲ್‌ನಲ್ಲಿ ಯಾರ ಜೊತೆಗಾದರೂ ಕೋಣೆ ಹಂಚಿಕೊಳ್ಳಿ. ಮುಂದಿನ ವರ್ಷಗಳ ವರ್ಲ್ಡ್‌ಕಾನ್ ತಮ್ಮೂರಿಗೆ ಬೇಕೆನ್ನುವ ತಂಡಗಳು ರಾತ್ರಿ ಪಾರ್ಟಿ ಕೊಡುತ್ತವೆ, ನಿಜವಾದ ಪರಿಚಯ ಆಗುವುದು ಅಲ್ಲಿ. ಅರ್ವೈನ್‌ಗೆ ವಾಪಸ್ ಹೋಗಬೇಕಾದವರು ಅಷ್ಟು ಹೊತ್ತಿಗೆ ಗಡಿಯಾರ ನೋಡುತ್ತಿರುತ್ತಾರೆ. ಮತ್ತೆ, 5-2-1 ಅನ್ನುವ ಹಳೆಯ ನಿಯಮ ಇದೆ: ದಿನಕ್ಕೆ ಕನಿಷ್ಠ ಐದು ತಾಸು ನಿದ್ದೆ, ಎರಡು ಊಟ, ಒಂದು ಸ್ನಾನ. ಮೂರನೇ ದಿನಕ್ಕೆ ಇದರ ಬೆಲೆ ಗೊತ್ತಾಗುತ್ತದೆ. ಸಸ್ಯಾಹಾರಿಯಾದರೆ ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟು, ಅವಲಕ್ಕಿ ಇಟ್ಟುಕೊಳ್ಳಿ. ತಿನಿಸು ತಂದಿರುವುದನ್ನು ಕಸ್ಟಮ್ಸ್‌ನಲ್ಲಿ ಹೇಳಿಬಿಡಿ. ಮಾಸ್ಕೂ ಇರಲಿ, ಸಾವಿರಾರು ಜನ ಸೇರುವ ಕಡೆ ನೆಗಡಿ-ಜ್ವರ ಸುಲಭವಾಗಿ ಅಂಟುತ್ತದೆ.

ಕಥೆಗಾರ_ಹಾಸನ

ಎಲ್ಲರಿಗೂ ಧನ್ಯವಾದ. ಕೊನೆಯದೊಂದು: ಮಾರಲು ಕನ್ನಡ ಸಂಕಲನದ ಐವತ್ತು ಪ್ರತಿ ಒಯ್ಯಲಾ?

ನೀಲಿಗ್ರಹ

ಬೇಡ. ಸಂದರ್ಶಕ ವೀಸಾದಲ್ಲಿ ಹೋಗಿ ನೀವೇ ಮೇಜು ಹಾಕಿ ಮಾರುವುದು ತೊಡಕಿಗೆ ದಾರಿ. ಪ್ರತಿಯೊಂದು 200 ಗ್ರಾಂ ಇದ್ದರೂ ಐವತ್ತಕ್ಕೆ ಹತ್ತು ಕೆಜಿ ಸಾಮಾನು. ಉಡುಗೊರೆಗೆಂದು ನಾಲ್ಕೈದು ಸಾಕು. ಬದಲಿಗೆ ಅನುವಾದಿತ ಕಥೆಯ ಕ್ಯೂಆರ್ ಕೋಡ್ ಇರುವ ಕಾರ್ಡ್ ನೂರು ಮುದ್ರಿಸಿ. ಅದರ ಜೊತೆಗೆ ಬ್ಯಾಡ್ಜ್ ರಿಬ್ಬನ್ ಮಾಡಿಸಿ: ನಾಲ್ಕು ಇಂಚು ಅಗಲದ ಪಟ್ಟಿ, ಮೇಲಂಚಿನಲ್ಲಿ ಅಂಟು. ಜನ ಒಬ್ಬರಿಂದೊಬ್ಬರು ಕೇಳಿ ಪಡೆದು ಬ್ಯಾಡ್ಜ್ ಕೆಳಗೆ ಒಂದರ ಕೆಳಗೊಂದು ಅಂಟಿಸಿಕೊಂಡು ಓಡಾಡುತ್ತಾರೆ. ನಿಮ್ಮದರಲ್ಲಿ ಕನ್ನಡ ಅಕ್ಷರವೇ ದೊಡ್ಡದಾಗಿರಲಿ. "ಇದು ಯಾವ ಲಿಪಿ?" ಎಂದು ಅವರೇ ಬಂದು ಕೇಳುತ್ತಾರೆ, ಕಾರ್ಡ್ ಆಗ ಕೊಡಿ.