ಕಸ ವಿಂಗಡಿಸೋ ಮಷಿನ್: ಕ್ಯಾಮೆರಾ ಬೇಕಾ, ಸೆನ್ಸರ್ ಸಾಕಾ?

ಥರ್ಡ್‌ಇಯರ್_ಮೆಕ್:
ಎಲ್ರಿಗೂ ನಮಸ್ಕಾರ. ಕಾಲೇಜ್ ಕಾಂಪಿಟೇಶನ್‌ಗೆ ತಾನಾಗೇ ಕಸ ವಿಂಗಡಿಸೋ ಮಷಿನ್ ಮಾಡ್ಬೇಕು, ಹಸಿ ಕಸ, ಲೋಹ, ಪ್ಲಾಸ್ಟಿಕ್, ಪೇಪರ್ ಅಂತ ನಾಲ್ಕು ಡಬ್ಬ. ಟೀಮಲ್ಲಿ ಇಬ್ರು ಕ್ಯಾಮೆರಾ, ಎಐ ಅಂತ ಹಠ ಹಿಡ್ದಿದಾರೆ, ಟ್ರ್ಯಾಶ್‌ನೆಟ್ ಅನ್ನೋ ಕಸದ ಫೋಟೋಗಳ ಡೇಟಾಸೆಟ್ ಇಳಿಸ್ಕೊಂಡು ಟ್ರೈನ್ ಮಾಡಿದ್ರೆ ಮುಗೀತಂತೆ, ನಂಗೆ ಆರ್ಡುಯಿನೋ ಕಂಟ್ರೋಲರ್ ಬೋರ್ಡ್, ಲೋಹ ಹಿಡಿಯೋ ಇಂಡಕ್ಟಿವ್ ಸೆನ್ಸರ್, ತೇವ ಹಿಡಿಯೋ ಮಾಯಿಶ್ಚರ್ ಸೆನ್ಸರ್ ಇಷ್ಟೇ ಸಾಕು ಅನ್ಸತ್ತೆ. ಶನಿವಾರ ಪಾರ್ಟ್ಸ್ ತರೋಕೆ ಬೆಂಗಳೂರಿನ ಎಸ್‌ಪಿ ರೋಡ್‌ಗೆ ಹೋಗ್ತಿದೀವಿ, ಅಷ್ಟ್ರೊಳಗೆ ಯಾರಾದ್ರೂ ಹೇಳಿ.

ಎಂಬೆಡೆಡ್_ಗುರು:
ಟ್ರ್ಯಾಶ್‌ನೆಟ್‌ನಲ್ಲಿ ಇರೋದೇ 2,527 ಫೋಟೋ, ಬಿಳಿ ಬೋರ್ಡ್ ಮೇಲೆ ಇಟ್ಟು ನೀಟಾಗಿ ತೆಗ್ದಿದ್ದು, ಹಸಿ ಕಸ ಅನ್ನೋ ಕ್ಲಾಸೇ ಇಲ್ಲ ಅದ್ರಲ್ಲಿ. ಸಾಂಬಾರ್ ಮೆತ್ಕೊಂಡಿರೋ ಪಾರ್ಸಲ್ ಕವರ್ ತೋರ್ಸಿದ್ರೆ ಏನನ್ನುತ್ತೋ ದೇವ್ರೇ ಬಲ್ಲ. ಕ್ಯಾಮೆರಾನೇ ಬೇಕಂದ್ರೆ ನಿಮ್ಮ ಕ್ಯಾಂಟೀನ್ ಕಸದ ಫೋಟೋ ನೀವೇ ತೆಗೀರಿ, ಮಷಿನ್ ಒಳಗಿನ ಲೈಟಲ್ಲೇ.

ಸೆನ್ಸರ್‌ಗೂ ಕಾಟ ಇದೆ. 4 ಮಿ.ಮೀ. ರೇಂಜ್ ಅಂತ ಕೊಡೋ ಇಂಡಕ್ಟಿವ್ ಸೆನ್ಸರ್ ಇದ್ಯಲ್ಲ, ಆ 4 ಕಬ್ಬಿಣಕ್ಕೆ, ಅಲ್ಯೂಮಿನಿಯಂ ಕ್ಯಾನ್‌ಗೆ ಇನ್ನೂ ಹತ್ರ ತರ್ಬೇಕು. ಆಮೇಲೆ ಡಬ್ಬದ ಫ್ಲಾಪ್ ತಿರುಗಿಸೋ ಸರ್ವೋ ಮೋಟರ್‌ಗಳಿಗೆ ಆರ್ಡುಯಿನೋ 5 ವೋಲ್ಟ್ ಪಿನ್ನಿಂದ ಪವರ್ ಎಳೀಬೇಡಿ ಮಾರಾಯ್ರೇ, ಫ್ಲಾಪ್ ತಿರುಗೋ ಹೊತ್ತಿಗೆ ಬೋರ್ಡ್ ರೀಸೆಟ್ ಆಗ್ಬಿಡತ್ತೆ. ಸರ್ವೋಗೆ ಪವರ್ ಸಪ್ಲೈ ಬೇರೆ, ಗ್ರೌಂಡ್ (ಮೈನಸ್) ವೈರ್ ಮಾತ್ರ ಎರಡಕ್ಕೂ ಕಾಮನ್.

ಒಣಕಸ_ವಾಲಂಟಿಯರ್:
ಸೆನ್ಸರ್ ಮುಂದೆ ಕಸ ಒಂದೊಂದಾಗಿ ಬಂದ್ರೆ ತಾನೇ ಇದೆಲ್ಲ? ನಮ್ಮ ವಾರ್ಡ್ ಒಣ ಕಸ ಸೆಂಟರ್‌ಗೆ ಬನ್ನಿ ಒಂದ್ಸಲ, ಚೀಲ ಬಿಚ್ಚಿದ್ರೆ ಹಾಲಿನ ಕವರ್ ಒಳಗೆ ಟೀ ಪುಡಿ, ಅದ್ರೊಳಗೆ ಹಳೇ ಬ್ಯಾಟರಿ, ಅಕ್ಕಂದಿರು ಕೈಯಲ್ಲೇ ಬಿಡಿಸ್ತಾರೆ. ದೊಡ್ಡ ಪ್ಲಾಂಟಲ್ಲೂ ಮೊದ್ಲು ಚೀಲ ಹರಿದು, ಜರಡಿ ಹಿಡಿದು, ಕಬ್ಬಿಣ ಅಯಸ್ಕಾಂತಕ್ಕೆ, ಅಲ್ಯೂಮಿನಿಯಂ ಎಡ್ಡಿ ಕರೆಂಟ್‌ಗೆ (ತಿರುಗೋ ಅಯಸ್ಕಾಂತ ಅದನ್ನ ದೂರ ತಳ್ಳತ್ತೆ), ಆಮೇಲೇನೇ ಇನ್ಫ್ರಾರೆಡ್‌ನಲ್ಲಿ ಪ್ಲಾಸ್ಟಿಕ್ ನೋಡೋದು, ಅದಕ್ಕೂ ಕಪ್ಪು ಪ್ಲಾಸ್ಟಿಕ್ ಸರಿಯಾಗಿ ಕಾಣಲ್ಲ.

ನನ್ ಕೇಳಿದ್ರೆ ಹಸಿ ಕಸಾನ ಮಷಿನ್ ಒಳಗೆ ಬಿಡ್ಲೇಬೇಡಿ. ಎರಡು ಡಬ್ಬ ಒಂದು ಚೀಲ (ಹಸಿ ಕಸಕ್ಕೊಂದು, ಸ್ಯಾನಿಟರಿ ಕಸಕ್ಕೊಂದು ಡಬ್ಬ, ಒಣ ಕಸಕ್ಕೆ ಚೀಲ) ಅಂತ 2015ರಲ್ಲಿ ಹೈಕೋರ್ಟೇ ಹೇಳಿದೆ, ಮನೇಲೇ ಬೇರೆ ಆಗ್ಬೇಕಾದ್ದು ಅದು. ಒಣ ಕಸ ಮಾತ್ರ ಚೆನ್ನಾಗಿ ಬಿಡಿಸಿ.

ಥರ್ಡ್‌ಇಯರ್_ಮೆಕ್:
ಸಾರ್, ರೂಲ್ಸ್‌ನಲ್ಲೇ ಹಸಿ ಕಸ ಇದೆ, ಬಿಟ್ರೆ ಮಾರ್ಕ್ಸ್ ಹೋಗತ್ತೆ 😅 ಆದ್ರೆ ಒಂದೊಂದಾಗಿ ಬರಿಸೋದು ಹೆಂಗೆ?

ಎಂಬೆಡೆಡ್_ಗುರು:
ಕಸ ಸಾಗಿಸೋ ಬೆಲ್ಟ್ ಎರಡು ಒಂದರ ಮುಂದೊಂದು ಹಾಕಿ, ಎರಡನೇದು ಜೋರಾಗಿ ಓಡ್ಲಿ, ಕಸದ ಮಧ್ಯೆ ಗ್ಯಾಪ್ ಬೀಳತ್ತೆ. ಕ್ಯಾಮೆರಾ ದುಡ್ಡಲ್ಲಿ ಮೊದ್ಲು ಬೆಲ್ಟ್ ಓಡ್ಸೋಕೆ ಗೇರ್ ಮೋಟರ್ ತಗೊಳ್ಳಿ.